ವಿಯೆನ್ನಾದಿಂದ ಲಿಸ್ಬನ್ನಿಗೆ ಎರಡು ಬೆರಳು

ಮಗ ಕೆಲಸದ ಮೇಲೆ ಲಿಸ್ಬನ್ನಿಗೆ ಹೋಗಿ ಆರು ತಿಂಗಳಾಗಿತ್ತು. ಅಷ್ಟರಲ್ಲಿ ಮಗಳಿಗೆ ವಿಯೆನ್ನಾದಲ್ಲಿ ಓದಲು ಸೀಟು ಸಿಕ್ಕಿತು. ಆ ದಿನ ನನಗಾದ ಖುಷಿ ಬಹುಶಃ ಅವಳಿಗೂ ಆಗಿರಲಿಲ್ಲ. ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಮನೆ ಇನ್ನು ಖಾಲಿಯಾಗುತ್ತದೆ ಎನ್ನುವ ಸಂಕಟ ಇತ್ತು, ನಿಜ. ಆದರೆ ಅಣ್ಣ ತಂಗಿ ಇಬ್ಬರೂ ಒಂದೇ ಕಡೆ ಇರುತ್ತಾರಲ್ಲ ಎನ್ನುವ ನೆಮ್ಮದಿ ಅದಕ್ಕಿಂತ ದೊಡ್ಡದಾಗಿತ್ತು. ಅವನಿಗೆ ಜ್ವರ ಬಂದರೆ ಇವಳು ಹೋಗಿ ಗಂಜಿ ಕಾಯಿಸಿ ಕೊಡುತ್ತಾಳೆ. ಇವಳಿಗೆ ಬೇಜಾರಾದರೆ ಅವನು ಶನಿವಾರ ಬಂದು ಊರು ಸುತ್ತಿಸುತ್ತಾನೆ. ಇದನ್ನೆಲ್ಲ ನಾನೊಬ್ಬಳೇ ಯೋಚಿಸಿ, ನಾನೊಬ್ಬಳೇ ತೀರ್ಮಾನವನ್ನೂ ಮಾಡಿಬಿಟ್ಟಿದ್ದೆ.

ಇದಕ್ಕೆಲ್ಲ ಕಾರಣ ನಮ್ಮ ಬೇಸ್‌ಮೆಂಟಿನ ಗೋಡೆಯ ಮೇಲಿರುವ ಪ್ರಪಂಚದ ನಕ್ಷೆ. ಮಕ್ಕಳು ಚಿಕ್ಕವರಿದ್ದಾಗ ಅಂಟಿಸಿದ್ದು, ಒಂದು ಮೂಲೆ ಸುರುಳಿ ಸುತ್ತಿಕೊಂಡಿದೆ. ವಾಷಿಂಗ್ ಮೆಷಿನ್ನಿನ ಪಕ್ಕದಲ್ಲೇ ಇರುವುದರಿಂದ ಬಟ್ಟೆ ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ನ್ಯೂಜೆರ್ಸಿಯಿಂದ ನನ್ನ ತವರು ದಾವಣಗೆರೆಗೆ ಕೈ ಚಾಚಿದರೂ ಸಾಲದು. ವಿಯೆನ್ನಾದಿಂದ ಲಿಸ್ಬನ್ನಿಗೆ ಮಾತ್ರ ಎರಡೇ ಬೆರಳು. ಒಗೆದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಆ ಎರಡು ಬೆರಳನ್ನು ಎಷ್ಟು ಸಲ ಇಟ್ಟು ನೋಡಿದ್ದೆನೋ ಲೆಕ್ಕವಿಲ್ಲ. ಪಿಸ್ಕಾಟವೇಯ ಟೆಲಿಕಾಂ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಆದರೂ ಈ ಎರಡು ಬೆರಳಿನ ಬಗ್ಗೆ ನನಗೆ ಒಂದು ಚೂರೂ ಅನುಮಾನ ಬರಲಿಲ್ಲ.

ರಾಬಿನ್ಸ್‌ವಿಲ್‌ನ ದೇವಸ್ಥಾನಕ್ಕೆ ಹೋದಾಗ ನಮಗೊಬ್ಬ ಡಾಕ್ಟರ್ ಆಂಟಿ ಸಿಗುತ್ತಾರೆ. ಮಂಗಳೂರಿನ ಕಡೆಯವರು, ರಿಟೈರ್ ಆಗಿದ್ದಾರೆ, ಗಂಡನ ಜೊತೆ ವರ್ಷಕ್ಕೊಂದು ದೇಶ ಸುತ್ತುತ್ತಾರೆ. ಅಲ್ಲಿನ ಕ್ಯಾಂಟೀನಿನಲ್ಲಿ ಖಿಚಡಿ ತಿನ್ನುತ್ತಾ ಅವರು ಕೇಳಿದರು.

"ಮಕ್ಕಳು ಈಗ ಎಲ್ಲಿ ಇರುದು?"

"ಇಬ್ಬರೂ ಯುರೋಪಿನಲ್ಲೇ ಆಂಟಿ. ಹತ್ತಿರ ಹತ್ತಿರ."

"ಹೌದಾ! ಹಾಗಾದ್ರೆ ವೀಕೆಂಡಿಗೆಲ್ಲ ಒಟ್ಟಿಗೆ ಸೇರ್ತಾರೆ, ಅಲ್ವಾ? ನೀವು ಪುಣ್ಯ ಮಾಡಿದ್ದೀರಿ ಮಾರಾಯ್ತಿ."

ನಾನು ಪುಣ್ಯವಂತೆಯ ಮುಖ ಮಾಡಿಕೊಂಡು ಖಿಚಡಿ ತಿಂದೆ.

ಆ ಭಾನುವಾರ ಮಗಳು ಫೋನ್ ಮಾಡಿದಾಗ, "ಅಣ್ಣ ಹೇಗಿದಾನೆ? ಸೊರಗಿದಾನಾ?" ಎಂದು ಕೇಳಿದೆ. ನಮ್ಮ ಮನೆಯಲ್ಲಿ ಪ್ರಶ್ನೆ ಕನ್ನಡದಲ್ಲಿ ಹೋಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

"ಹೌ ವುಡ್ ಐ ನೋ, ಅಮ್ಮಾ?" ಎಂದಳು.

"ಹೌ ಅಂದ್ರೆ? ನೋಡಿಲ್ವಾ ಅವನನ್ನ?"

ನೋಡಿರಲಿಲ್ಲ. ಅವಳು ಅಲ್ಲಿಗೆ ಹೋಗಿ ಹತ್ತು ತಿಂಗಳಾಗಿತ್ತು, ಒಂದು ಸಲವೂ ನೋಡಿರಲಿಲ್ಲ. ಜಗಳವೇ ಎಂದರೆ ಜಗಳವೂ ಇಲ್ಲ. ಲ್ಯಾಬಿನಲ್ಲಿ ಪುರುಸೊತ್ತಿಲ್ಲ ಎಂದು ಇವಳು. ಬರುತ್ತೇನೆಂದು ಅವಳೇ ಹೇಳಲಿಲ್ಲವಲ್ಲ ಎಂದು ಅವನು. ಅವನು ದೊಡ್ಡವನು, ಸಂಬಳ ಬರುತ್ತದೆ, ಅವನೇ ಬರಲಿ ಎಂದು ಇವಳು. ಅವಳು ಚಿಕ್ಕವಳು, ಸ್ಟೂಡೆಂಟು, ರಜೆ ಇರುತ್ತದೆ, ಅವಳೇ ಬರಲಿ ಎಂದು ಅವನು. ಹೀಗೆ ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹತ್ತು ತಿಂಗಳು ಕಳೆದಿದ್ದರು.

ಫೋನಿಟ್ಟು ನಮ್ಮವರ ಹತ್ತಿರ ಗೋಳು ಹೇಳಿಕೊಂಡೆ. ಅವರು ಧಾರವಾಡದವರು, ರಸ್ತೆ ಸೇತುವೆಗಳ ಎಂಜಿನಿಯರ್. ನನ್ನನ್ನು ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಅದೇ ನಕ್ಷೆಯ ಮುಂದೆ ನಿಲ್ಲಿಸಿದರು.

"ಎರಡ್ ಬೆರಳು, ಎರಡ್ ಬೆರಳು ಅಂತ ಹೇಳ್ಕೋತ ಬಂದಿ. ಆ ಎರಡ್ ಬೆರಳು ಇಲ್ಲೆ ಇಡು ನೋಡೂಣು. ನಮ್ಮ ನೆವಾರ್ಕ್ ಮ್ಯಾಲೆ ಒಂದು."

ಇಟ್ಟೆ. ಇನ್ನೊಂದು ಬೆರಳು ಟೆಕ್ಸಸ್ಸಿನ ಹತ್ತಿರ ಬಂತು.

"ಎರಡು ಸಾವಿರದ ಮುನ್ನೂರು ಕಿಲೋಮೀಟರ್ ಐತಿ. ಇಲ್ಲಿಂದ ಡಲ್ಲಾಸಿಗೆ ಹೋದಂಗ. ಬರೇ ವಿಮಾನದಾಗ ಮೂರೂವರಿ ತಾಸು. ಮನಿಯಿಂದ ಏರ್‌ಪೋರ್ಟು, ಅಲ್ಲೆ ಸೆಕ್ಯೂರಿಟಿ, ಇಳದ್ ಮ್ಯಾಲೆ ಮತ್ತ ಟ್ರೇನು. ಒಂದ್ ದಿನಾನ ಹೋತು. ನೀ ಯಾವಾಗರ ಊಟಕ್ಕಂತ ಡಲ್ಲಾಸಿಗೆ ಹೋಗಿಯೇನ?"

ಹೋಗಿರಲಿಲ್ಲ. ಆದರೆ ನನ್ನ ತಮ್ಮನೋ ತಂಗಿಯೋ ಡಲ್ಲಾಸಿನಲ್ಲಿದ್ದಿದ್ದರೆ ಹೋಗುತ್ತಿದ್ದೆ ಎಂದು ವಾದಿಸಿದೆ. ಅವರು ನಗುತ್ತಾ ಮೆಟ್ಟಿಲು ಹತ್ತಿ ಹೋದರು.

ಬುದ್ಧಿ ಹೇಳಿದರೆ ಕೇಳುವ ವಯಸ್ಸು ಮಕ್ಕಳದು ದಾಟಿತ್ತು. ಬುದ್ಧಿಮಾತಿಗೆ ಬಗ್ಗದವರು ಶೇಂಗಾ ಹೋಳಿಗೆಗೆ ಬಗ್ಗಿಯಾರು ಎನ್ನುವ ಆಸೆ ಹುಟ್ಟಿದ್ದು ಡಾಕ್ಟರ್ ಆಂಟಿಯಿಂದ. ಮುಂದಿನ ತಿಂಗಳು ಅವರ ಸವಾರಿ ಲಿಸ್ಬನ್ನಿಗೇ ಹೊರಟಿತ್ತು.

"ಮಗನಿಗೆ ಎಂತಾದ್ರೂ ಕಳಿಸುದಿದ್ರೆ ಕೊಡಿ. ತುಪ್ಪ ಮಾತ್ರ ಬೇಡ, ಹಾಲಿನ ಸಾಮಾನು ಅಲ್ಲಿ ಒಳಗೆ ಬಿಡುದಿಲ್ಲ," ಎಂದರು.

ಎರಡು ಶನಿವಾರ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಕಟಕ್ ರೊಟ್ಟಿ ತಟ್ಟಿದೆ. ಸ್ಮೋಕ್ ಅಲಾರಂ ಹೊಡೆದುಕೊಂಡಾಗೆಲ್ಲ ನಮ್ಮವರು ಓಡಿ ಬಂದು ಅದರ ಕೆಳಗೆ ನಿಂತು ಟವೆಲ್ ಬೀಸಿದರು. ಶೇಂಗಾ ಹೋಳಿಗೆ ಮಾಡಿದೆ, ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ ಕುಟ್ಟಿದೆ. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಒಂದೇ ಬ್ಯಾಗಿನಲ್ಲಿ ತುಂಬಿದೆ. ನಮ್ಮವರು ಬ್ಯಾಗೆತ್ತಿ ನೋಡಿದರು.

"ಇಬ್ಬರಿಗೂ ಬ್ಯಾರೆ ಬ್ಯಾರೆ ಗಂಟು ಕಟ್ಟಲಿಲ್ಲೇನ?"

"ಇಲ್ಲ. ಒಂದೇ ಗಂಟು. ಅರ್ಧ ಅವನಿಗೆ, ಅರ್ಧ ಅವಳಿಗೆ."

ಅವರಿಗೆ ಅರ್ಥವಾಯಿತು. "ಭಾರಿ ಬೆರಕಿ ಇದ್ದಿ ನೀ," ಎಂದರು. ಅವರ ಕಡೆ ಬೆರಕಿ ಎಂದರೆ ಚಾಲಾಕಿ; ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಬ್ಯಾಗು ಲಿಸ್ಬನ್ ತಲುಪಿತು. ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಅದರ ಫೋಟೋ ಬಂತು. ಕೆಳಗೆ ನಾನು ಬರೆದೆ: "ತಂಗಿ ಬರೋವರೆಗೂ ಬಿಚ್ಚಬೇಡ." ಅಲ್ಲಿಂದ ಮಾತುಕತೆ ಶುರುವಾಯಿತು. ಅವಳ ಪಾಲು ಕೊರಿಯರ್ ಮಾಡುತ್ತೇನೆ ಎಂದು ಮಗ ಬರೆದ. ರೊಟ್ಟಿ ಮುರಿದುಹೋಗುತ್ತದೆ ಎಂದು ನಾನು ಬರೆದೆ. ತನ್ನ ಪಾಲು ಅಣ್ಣನೇ ತಿಂದುಕೊಳ್ಳಲಿ ಎಂದು ಮಗಳು ಬರೆದಳು. ಈ ಉದಾರತನದಿಂದ ನನ್ನ ಲೆಕ್ಕವೇ ತಲೆಕೆಳಗಾಗುವಂತಿತ್ತು. ಆದರೆ ಐದು ನಿಮಿಷ ಬಿಟ್ಟು ಅವಳೇ, "ಶೇಂಗಾ ಹೋಳಿಗೆ ಇದೆಯಾ?" ಎಂದು ಕೇಳಿದಳು. ಜೀವ ಬಂತು.

ಆಮೇಲೆ ಮಗ ಒಂದು ಉಪಾಯ ಹೂಡಿದ. ಅವನು ಹೋಗುವುದೂ ಬೇಡ, ಅವಳು ಬರುವುದೂ ಬೇಡ, ಇಬ್ಬರೂ ಸರಿಯಾಗಿ ನಡುಮಧ್ಯದಲ್ಲಿ ಭೇಟಿಯಾಗುವುದು. ನ್ಯಾಯವಾಗಿಯೇ ಇತ್ತು. ಆದರೆ ಎರಡೂ ಊರಿನ ನಡುವೆ ಗೆರೆ ಎಳೆದು ನೋಡಿದರೆ ಆ ನಡುಮಧ್ಯ ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ತೋಟಗಳ ನಡುವಿನ ಯಾವುದೋ ಸಣ್ಣ ಊರಿಗೆ ಹೋಗಿ ಬಿತ್ತು. ಅಲ್ಲಿಗೆ ಇಬ್ಬರಿಗೂ ನೇರ ವಿಮಾನವಿಲ್ಲ. ಇಬ್ಬರೂ ಇನ್ನೆಲ್ಲೋ ಇಳಿದು, ವಿಮಾನ ಬದಲಿಸಿ, ಆಮೇಲೆ ರೈಲು ಹಿಡಿಯಬೇಕು. ಪೂರ್ತಿ ದೂರ ಹೋಗುವುದಕ್ಕಿಂತ ಅರ್ಧ ದೂರ ಹೋಗುವುದಕ್ಕೇ ಹೆಚ್ಚು ಹೊತ್ತು. ನಮ್ಮವರಿಗೆ ಇದು ಎಷ್ಟು ಹಿಡಿಸಿತೆಂದರೆ ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ಮೂರನೆಯ ವಾರಕ್ಕೆ ನನ್ನ ತಾಳ್ಮೆ ಮುಗಿಯಿತು. ಮಗಳಿಗೆ ಫೋನ್ ಮಾಡಿದೆ.

"ಬರೀ ಮೂರೂವರೆ ಗಂಟೆ ಕಣೇ. ಒಡಹುಟ್ಟಿದ ಅಣ್ಣನ ಮುಖ ನೋಡೋಕೆ ಮೂರೂವರೆ ಗಂಟೆ ಇಲ್ವಾ ನಿನ್ನ ಹತ್ರ?"

ಅವಳು ತೀರಾ ಮೆತ್ತಗೆ ಕೇಳಿದಳು: "ಅಮ್ಮಾ, ವೆನ್ ಡಿಡ್ ಯು ಲಾಸ್ಟ್ ಸೀ ದೊಡ್ಡಮ್ಮ?"

ದೊಡ್ಡಮ್ಮ ಎಂದರೆ ನನ್ನ ಸ್ವಂತ ಅಕ್ಕ. ಲಾಂಗ್ ಐಲ್ಯಾಂಡಿನಲ್ಲಿದ್ದಾಳೆ. ನಮ್ಮ ಮನೆಯಿಂದ ಅರವತ್ತು ಮೈಲಿ. ಹೋದ ಸಲ ಅವಳ ಮಂಡಿ ಆಪರೇಷನ್ ಆದಾಗ ಹೋಗಿ ನಾಲ್ಕು ದಿನ ಇದ್ದು ಬಂದಿದ್ದೆ. ಆಗ ಎಲೆ ಉದುರುವ ಕಾಲ. ಈಗ ಮೇ ತಿಂಗಳು.

"ಅದು ಬೇರೆ," ಎಂದೆ. "ಸ್ನೋ ಇತ್ತು. ಆಮೇಲೆ ಅಪ್ಪನಿಗೆ ಪ್ರಾಜೆಕ್ಟ್ ಡೆಡ್‌ಲೈನು. ಆ ಬೆಲ್ಟ್ ಪಾರ್ಕ್‌ವೇ ಟ್ರಾಫಿಕ್ಕು ನಿನಗೇ ಗೊತ್ತಲ್ಲ. ಅಲ್ಲದೆ ನಾವು ದಿನಾ ಫೋನಲ್ಲಿ ಮಾತಾಡ್ತೀವಿ."

"ಓಕೆ," ಎಂದಳು. ಆ ಓಕೆಯಲ್ಲಿ ವಾದವೇನೂ ಇರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ನಾನು ಕೋಪ ಮಾಡಿಕೊಂಡದ್ದು ಗೊತ್ತಾಗಿ ಅವಳೇ ಒಂದು ಒಪ್ಪಂದ ಮುಂದಿಟ್ಟಳು. ಮುಂದಿನ ಸೋಮವಾರ ಅವಳಿಗೆ ರಜೆ. ಶನಿವಾರ ನಾನು ದೊಡ್ಡಮ್ಮನ ಮನೆಗೆ ಹೋದರೆ, ಅದೇ ಶನಿವಾರ ಅವಳು ಲಿಸ್ಬನ್ನಿಗೆ ಹಾರುತ್ತಾಳೆ. "ಡೀಲ್?" ಎಂದಳು.

"ಡೀಲ್ ಅಂತೆ ಡೀಲ್. ಅಮ್ಮನ ಹತ್ರ ವ್ಯಾಪಾರ ಮಾಡ್ತಾಳೆ," ಎಂದು ಗೊಣಗಿಕೊಂಡೇ ಒಪ್ಪಿಕೊಂಡೆ.

ಟಿಕೆಟ್ ಬುಕ್ ಮಾಡಿ ಕಳಿಸಿದಳು. ಮಧ್ಯಾಹ್ನ ಮೂರಕ್ಕೆ ವಿಯೆನ್ನಾ ಬಿಡುವುದು, ಐದೂ ನಲವತ್ತಕ್ಕೆ ಲಿಸ್ಬನ್. ನಾನು ನಮ್ಮವರ ಮುಂದೆ ಫೋನ್ ಹಿಡಿದೆ.

"ನೋಡ್ರೀ, ಮೂರೂವರೆ ಗಂಟೆಯೂ ಇಲ್ಲ. ಎರಡೂ ಮುಕ್ಕಾಲಿಗಿಂತ ಕಡಿಮೆ!"

"ಬರೂ ಟಿಕೆಟ್ ನೋಡು."

ಬರುವ ಟಿಕೆಟ್ಟಿನಲ್ಲಿ ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ ಇತ್ತು. ನನಗೆ ತಲೆ ಕೆಟ್ಟಿತು. "ಹೋಗುವಾಗ ಅಷ್ಟು, ಬರುವಾಗ ಇಷ್ಟಾ? ಬರುವಾಗ ಏನು ಏರುಹಾದಿಯಾ?"

ಅವರು ನಕ್ಕ ನಗುವಿಗೆ ಕೈಯಲ್ಲಿದ್ದ ಚಹಾ ಚೆಲ್ಲಿತು. "ಲಿಸ್ಬನ್ನಿನ ಗಡಿಯಾರ ಒಂದು ತಾಸು ಹಿಂದ ಐತಿ ಮಾರಾಯ್ತಿ. ಹೋಗುವಾಗ ಒಂದು ತಾಸು ಉಳಿದಂಗ ಕಾಣತೈತಿ, ಬರುವಾಗ ಕಳದಂಗ. ಖರೇ ಅಂದ್ರ ಬರುವಾಗನ ಸ್ವಲ್ಪ ಲಗೂ ಬರ್ತಾಳ, ಗಾಳಿ ಹಿಂದಿಂದ ದೂಡತೈತಿ."

ಶನಿವಾರ ಅಲ್ಲಿನ ಮಧ್ಯಾಹ್ನ ಮೂರು, ಅಂದರೆ ನಮ್ಮ ಬೆಳಿಗ್ಗೆ ಒಂಬತ್ತಕ್ಕೆ, ಅವಳ ವಿಮಾನ ಏರುವ ಹೊತ್ತಿಗೆ ನಾವಿನ್ನೂ ಕಾಫಿ ಕುಡಿಯುತ್ತಿದ್ದೆವು. ಹತ್ತಕ್ಕೆ ಮನೆ ಬಿಟ್ಟೆವು. ಔಟರ್‌ಬ್ರಿಡ್ಜ್ ದಾಟಿ ಸ್ಟೇಟನ್ ಐಲ್ಯಾಂಡ್ ತಲುಪುವವರೆಗೆ ಹಾದಿ ಹೂವಿನಂತಿತ್ತು. ಹೋಗಿ ಬರುವುದು ಇಷ್ಟು ಸಲೀಸು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ನಾನು ಅನ್ನುತ್ತಿರುವಾಗಲೇ ವೆರಜ಼ಾನೋ ಸೇತುವೆಯ ಮೇಲೆ ಕಾರುಗಳು ನಿಂತವು. ಸೇತುವೆ ಇಳಿದು ಬೆಲ್ಟ್ ಪಾರ್ಕ್‌ವೇ ಸೇರಿದರೆ ಅಲ್ಲಿ ಮುಂದೆಲ್ಲೋ ಮೂರು ಕಾರು ಒಂದಕ್ಕೊಂದು ಗುದ್ದಿದ್ದವು. ಬಲಗಡೆ ಸಮುದ್ರ, ದಡದಲ್ಲಿ ಗಾಳಿಪಟ ಹಾರಿಸುವ ಮಕ್ಕಳು, ಸೈಕಲ್ಲಿನವರು. ನಮ್ಮನ್ನು ಹಿಂದೆ ಹಾಕಿ ಹೋದ ಒಬ್ಬ ಮುದುಕ ನಾಯಿ ಹಿಡಿದುಕೊಂಡು ನಡೆದು ಹೋಗುತ್ತಿದ್ದ. ಇನ್ನೊಂದು ಸ್ವಲ್ಪ ಹೊತ್ತಿಗೆ ಅವನು ವಾಪಸ್ ಬರುವುದೂ ಕಂಡಿತು.

ನಮ್ಮವರು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಾ, "ಈಗ ಅಕಿ ಫ್ರಾನ್ಸ್ ಮ್ಯಾಲೆ ಇರಬೇಕು," ಎಂದರು. ಸ್ವಲ್ಪ ಬಿಟ್ಟು, "ಈಗ ಸ್ಪೇನ್ ಬಂತು ನೋಡು," ಎಂದರು. ನಾವು ಆಗಲೂ ಬ್ರೂಕ್ಲಿನ್ನಿನಲ್ಲೇ ಇದ್ದೆವು.

ಜಾನ್ ಎಫ್ ಕೆನಡಿ ಏರ್‌ಪೋರ್ಟಿನ ಹತ್ತಿರ ಬಂದಾಗ ನನ್ನ ಫೋನ್ ಟಿಣ್ ಎಂದಿತು. "ಲ್ಯಾಂಡೆಡ್," ಎಂದು ಮಗಳು ಬರೆದಿದ್ದಳು. "ನೀವು ತಲುಪಿದ್ರಾ?" ಎಂದು ಕೆಳಗೆ ಒಂದು ಸಾಲು. ನಾನು ಫೋನನ್ನು ಮಗುಚಿ ತೊಡೆಯ ಮೇಲಿಟ್ಟೆ.

ಅಕ್ಕನ ಮನೆ ಬಾಗಿಲು ತೆರೆದವರು ಭಾವ. ಒಳಗಿನಿಂದ ಅಕ್ಕನ ಗಂಟಲು ಕೇಳಿಸಿತು: "ಯಾರು, ನ್ಯೂಜೆರ್ಸಿಯವರಾ? ವೀಸಾ ಸಿಕ್ತಂತಾ ಇವ್ರಿಗೆ?"

ನಗುತ್ತಲೇ ಒಳಗೆ ಹೋದೆ. ಡೈನಿಂಗ್ ಟೇಬಲ್ ಇರುತ್ತಿದ್ದ ಜಾಗದಲ್ಲಿ ಮಂಚ ಇತ್ತು. ಮಂಚದ ಪಕ್ಕ ಸಣ್ಣ ಮೇಜು, ಔಷಧಿ ಡಬ್ಬಿ, ನೀರಿನ ತಂಬಿಗೆ, ಗೋಡೆಗೊರಗಿಸಿದ ವಾಕರ್. ಅಕ್ಕ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕುಳಿತಿದ್ದಳು. ಅವಳ ಹಿಂದೆ ಕಿಟಕಿಗೆ ಹಳದಿ ಪರದೆ. ಇಷ್ಟು ತಿಂಗಳೂ ವಿಡಿಯೋ ಕಾಲ್‌ನಲ್ಲಿ ಅವಳ ಮುಖದ ಹಿಂದೆ ನಾನು ನೋಡುತ್ತಿದ್ದುದು ಅದೇ ಪರದೆ. ಅದು ಮಹಡಿಯ ಮೇಲಿನ ಮಲಗುವ ಕೋಣೆಯದಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ.

"ಯಾವಾಗಿಂದ ಇಲ್ಲಿ ಮಲಗ್ತಿದೀಯ ಅಕ್ಕ?"

"ಚಳಿಗಾಲದಿಂದ. ಆ ಮಂಡಿ ಮೆಟ್ಟಿಲು ಹತ್ತೋಕೆ ಬಿಡಲ್ಲ ಅಂತ ಹಟ ಮಾಡ್ತು. ಸರಿ, ನೀನೇ ಗೆದ್ದೆ ಅಂತ ಕೆಳಗೆ ಬಂದೆ."

"ಫೋನಲ್ಲಿ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ದೆ?"

"ಇನ್ನೇನು ಹೇಳ್ಲಿ? ಹೇಳಿದ್ರೆ ಅಷ್ಟು ದೂರದಿಂದ ಓಡಿ ಬರ್ತಿದ್ದೆ."

"ಅರವತ್ತು ಮೈಲಿ ಅಕ್ಕ."

"ನೋಡು, ನಿನಗೇ ಗೊತ್ತಿದೆ," ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಪಕ್ಕದಲ್ಲಿ ಕುಳಿತು ಮಂಡಿಯ ಮೇಲೆ ಕೈ ಇಟ್ಟೆ. ಅವಳು ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ಕೈ ತಟ್ಟಿ ಎಬ್ಬಿಸಿದಳು. "ಅಳೋ ಮುಖ ಮಾಡ್ಬೇಡ. ಭಾವ ಮಂಡಕ್ಕಿ ತಂದಿಟ್ಟಿದಾರೆ. ಮೆಣಸಿನಕಾಯಿ ಬಜ್ಜಿ ನೀನು ಕರಿ, ನಾನು ಕೂತ್ಕೊಂಡು ತಪ್ಪು ಹೇಳ್ತೀನಿ."

ಹಾಗೇ ಮಾಡಿದೆವು. ಹಿಟ್ಟು ನೀರಾಯಿತು ಎಂದಳು, ಅಜವಾನ ಕಡಿಮೆ ಎಂದಳು, ಎಣ್ಣೆ ಕಾಯುವ ಮೊದಲೇ ಬಿಡಬೇಡ ಎಂದು ಕೂಗಿದಳು. ದಾವಣಗೆರೆಯಲ್ಲಿ ನಾವು ಹುಡುಗಿಯರಾಗಿದ್ದಾಗಲೂ ಅವಳು ಹೀಗೇ ಇದ್ದಳು. ಸಂಜೆಯೊಳಗೆ ವಾಪಸ್ ಹೊರಡಬೇಕೆಂದುಕೊಂಡು ಬಂದವರು ನಾವು. ನಾಲ್ಕು ಗಂಟೆಗೆ ನಮ್ಮವರು ಕಾರಿನ ಕೀಲಿ ಹಿಡಿದು ನನ್ನ ಮುಖ ನೋಡಿದರು. ನಾನು ಅಲ್ಲಾಡಲಿಲ್ಲ. ಅವರು ಕೀಲಿ ಜೇಬಿಗೆ ಹಾಕಿಕೊಂಡು ಭಾವನ ಜೊತೆ ಕ್ರಿಕೆಟ್ ನೋಡಲು ಹೋದರು. ಅಕ್ಕನ ನೈಟಿ ನನಗೆ ಮೊಣಕಾಲಿಗೆ ಬರುತ್ತಿತ್ತು. ಅದನ್ನು ನೋಡಿ ಇಬ್ಬರೂ ಬಹಳ ಹೊತ್ತು ನಕ್ಕೆವು.

ಭಾನುವಾರ ಬೆಳಿಗ್ಗೆ ಮಕ್ಕಳ ವಿಡಿಯೋ ಕಾಲ್ ಬಂತು. ಇಬ್ಬರೂ ಒಂದೇ ಪರದೆಯಲ್ಲಿ, ಕೆನ್ನೆಗೆ ಕೆನ್ನೆ ತಾಗಿಸಿಕೊಂಡು.

"ಬ್ಯಾಗು ಬಿಚ್ಚಿದ್ರಾ?" ಎಂಬುದೇ ನನ್ನ ಮೊದಲ ಮಾತು.

ಈಗ ತಾನೇ ಬಿಚ್ಚಿದೆವು ಎಂದರು. ಹಿಂದಿನ ಸಂಜೆ ಅದರ ನೆನಪೇ ಆಗಲಿಲ್ಲವಂತೆ. ಏರ್‌ಪೋರ್ಟಿನಿಂದ ಬಂದವರು ಊಟಕ್ಕೆ ಹೋಗಿ, ಗುಡ್ಡ ಹತ್ತಿ, ಇಳಿದು, ಮಾತಾಡುತ್ತಾ ಟ್ರಾಮ್ ತಪ್ಪಿಸಿಕೊಂಡು, ಮತ್ತೆ ಗುಡ್ಡ ಹತ್ತಿದ್ದರು. ರೊಟ್ಟಿಗಳೆಲ್ಲ ಪುಡಿಪುಡಿಯಾಗಿದ್ದವು. ಮಗ ಅದಕ್ಕೆ ಈರುಳ್ಳಿ ಹೆಚ್ಚಿ ಹಾಕಿ, ಮೊಸರು ಕಲಸಿ, ಮೇಲೆ ಚಟ್ನಿಪುಡಿ ಉದುರಿಸಿದ್ದ. ಇಬ್ಬರೂ ಒಂದೇ ಬಟ್ಟಲಿನಿಂದ ತಿನ್ನುತ್ತಿದ್ದರು. ಅಕ್ಕ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ನಮ್ಮಜ್ಜಿ ಹೀಗೇ ಮಾಡ್ತಿದ್ದಳು ಕಣ್ರೋ!" ಎಂದು ಕೂಗಿದಳು.

"ರಿಯಲೀ, ದೊಡ್ಡಮ್ಮ?" ಎಂದ ಮಗ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ವರದಿ ಒಪ್ಪಿಸಿದರು. ಅಣ್ಣ ಒಂದು ಗಿಡ ಸಾಕಿದ್ದಾನೆ, ಬೆಳಿಗ್ಗೆ ಅದಕ್ಕೆ ಗುಡ್ ಮಾರ್ನಿಂಗ್ ಹೇಳುತ್ತಾನೆ, ಅವನಿಗೆ ಸ್ನೇಹಿತರು ಬೇಕು ಎಂದು ಮಗಳು. ಅವಳು ಓಡಿದಂತೆ ನಡೆಯುತ್ತಾಳೆ, ಊಟ ಮಾತ್ರ ಸರಿಯಾಗಿ ಮಾಡುವುದಿಲ್ಲ, ಆ ಲ್ಯಾಬಿನವರು ತುಂಬಾ ದುಡಿಸುತ್ತಾರೆ ಎಂದು ಮಗ. ಇಬ್ಬರೂ ತಂತಮ್ಮ ಬಗ್ಗೆ ನನಗೆ ಎಂದೂ ಹೇಳದ ವಿಷಯಗಳು. ಮುಂದಿನ ತಿಂಗಳು ತಾನು ವಿಯೆನ್ನಾಕ್ಕೆ ಹೋಗುತ್ತೇನೆ ಎಂದು ಮಗ ತಾನಾಗಿಯೇ ಹೇಳಿದ. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಎಲ್ಲಿ ಮನಸ್ಸು ಬದಲಿಸಿಬಿಡುತ್ತಾನೋ ಎಂಬ ಹೆದರಿಕೆ.

ನಮ್ಮ ಕಡೆಯ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಕನನ್ನು ಹಾಗೆ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಡಾಕ್ಟರ್ ಆಂಟಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಕೊಂಡು, "ಕಾಲಿಗೆ ವ್ಯಾಯಾಮ ಮಾಡಿಸದೆ ಕೂರಿಸಿದ್ದು ಯಾರು ಮಾರಾಯ್ತಿ? ಕರ್ಕೊಂಡು ಬನ್ನಿ. ನಿಮ್ಮ ಮನೆ ಹತ್ರವೇ ಒಳ್ಳೆ ಫಿಸಿಯೋ ಉಂಟು, ನಾನು ಹೇಳ್ತೇನೆ," ಎಂದರು. ಒಂದು ವಾರ ಬಿಟ್ಟು ಭಾವ ಮುಂಜಾನೆಯೇ ಹೊರಟು, ಟ್ರಾಫಿಕ್ಕಿಗೆ ಸಿಗದೆ, ಒಂದೂ ಕಾಲು ಗಂಟೆಯಲ್ಲಿ ಅಕ್ಕನನ್ನು ತಂದು ನಮ್ಮ ಮನೆಯಲ್ಲಿ ಇಳಿಸಿದರು. ಮಗಳ ಕೋಣೆ ಮಹಡಿಯ ಮೇಲಿದ್ದುದರಿಂದ ಕೆಳಗಿನ ನಮ್ಮವರ ಆಫೀಸ್ ಕೋಣೆಯನ್ನು ಖಾಲಿ ಮಾಡಿಸಿದೆ. ಅವರ ಕಂಪ್ಯೂಟರ್ ಊಟದ ಮೇಜಿಗೆ ಬಂತು.

ಮೊದಲ ವಾರ ಬೆಳದಿಂಗಳು. ದಿನಾ ಫಿಸಿಯೋ, ಸಂಜೆ ಬೀದಿಯ ಕೊನೆಯ ಕೊಳದವರೆಗೆ ನಿಧಾನ ನಡಿಗೆ, ಬಾತುಕೋಳಿಗಳ ಜೊತೆ ಅಕ್ಕನ ಮಾತುಕತೆ. ಎರಡನೆಯ ವಾರದಿಂದ ಅಕ್ಕನ ಪ್ರಕಾರ ನಮ್ಮ ಸಾರಿನಲ್ಲಿ ಕೊತ್ತಂಬರಿ ಹೆಚ್ಚಾಗತೊಡಗಿತು. ನನ್ನ ಡಿಶ್‌ವಾಷರ್‌ನಲ್ಲಿ ತಟ್ಟೆ ಜೋಡಿಸುವ ಕ್ರಮ ತಪ್ಪಾಯಿತು. ನಮ್ಮವರು ಆಫೀಸಿನ ಮೀಟಿಂಗಿನಲ್ಲಿರುವಾಗಲೇ ಹಿಂದಿನಿಂದ, "ಇವ್ರಿಗೆ ಕೂದಲು ಕತ್ತರಿಸೋರು ಯಾರು, ಹುಲ್ಲು ಕತ್ತರಿಸೋರಾ?" ಎಂದು ಕೇಳಿದಳು. ಮೀಟಿಂಗಿನಲ್ಲಿದ್ದ ಒಬ್ಬ ಕನ್ನಡದ ಹುಡುಗನಿಗೆ ನಗು ತಡೆಯಲಾಗಲಿಲ್ಲವಂತೆ.

ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ನಮ್ಮವರು ಗ್ಯಾರೇಜಿನ ಬಾಗಿಲಲ್ಲಿ ನಿಂತು ಪಿಸುಗುಟ್ಟಿದರು.

"ನಿಮ್ಮಕ್ಕಾರು ಇವತ್ತ ಮೆಟ್ಟಲ ಹತ್ತಿದ್ರು. ತಾವ ಒಬ್ರ. ಮ್ಯಾಲೆ ಹೋಗಿ ನನ್ನ ಕಪಾಟು ತಗದು, ಅರಿವಿ ಎಲ್ಲಾ ಮತ್ತ ಮಡಚಿ ಇಟ್ಟಾರ."

"ಒಬ್ಬಳೇ ಹತ್ತಿದಳಾ?" ಎಂದು ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದೆ. ಅಕ್ಕ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ, ಕಂಬಿ ಹಿಡಿದುಕೊಂಡು, ಗೆದ್ದವಳಂತೆ ನಿಂತಿದ್ದಳು. "ಏನು ನೋಡ್ತೀಯಾ? ಚಪ್ಪಲಿ ಬಿಟ್ಟು ಬಾ, ಕಾರ್ಪೆಟ್ ಕೊಳೆ ಆಗುತ್ತೆ," ಎಂದಳು.